ಎಡಸುತ್ತಿನ ಶಾವಿಗೆ

ಬಳ್ಳಾರಿ
೬-೨-೧೯೭೪

ಚಿ. ಸೌ. ಅಕ್ಕನಾಗಮ್ಮನಿಗೆ ಅಕ್ಕ ದಾಕ್ಷಾಯಣಿಯ ಆಶೀರ್ವಾದಗಳು.

ಇಲ್ಲಿ ನಾವು ಮೂರೂ ಮಂದಿ ಕ್ಷೇಮ. ಸಿರಿಗೇರಿಯಲ್ಲಿ ನೀನು, ಮರಿಬಸಪ್ಪನವರು, ಹಂಪಮ್ಮ ಆರಾಮವಾಗಿದ್ದೀರೆಂದು ನಂಬಿದ್ದೇನೆ.

ನಾಗೀ, ಮೊನ್ನೆ ನನ್ನ ಮರ್ಯಾದೆ ಬೋಗುಣಿಯಲ್ಲಿ ಬೆಂದು ಹೋಯಿತು. ಮನೆಗೆ ಯಾರೋ ದೂರದ ನೆಂಟರು ಬಂದಿದ್ದರು. ಬಸಿದ ಶಾವಿಗೆ ಮಾಡೋಣವೆಂದು ಬಜಾರಿನಿಂದ ಯಂತ್ರದ ಶಾವಿಗೆ ತರಿಸಿದೆ. ನೋಡಲು ಬಂಗಾರದ ಎಳೆ. ಕುದಿಯುವ ನೀರಿಗೆ ಬಿದ್ದದ್ದೇ ತಡ, ಸಿನಿಮಾ ಪೋಸ್ಟರ್ ಹಚ್ಚುವ ಅಂಟಾಯಿತು. ಸೌಟು ಎತ್ತಿದರೆ ಬೋಗುಣಿಯೂ ಜೊತೆಗೇ ಎದ್ದು ಬಂತು. ನಿನ್ನ ಭಾವ ನೆಂಟರ ಮುಂದೆಯೇ, "ಇದು ಉಣ್ಣಾಕಲ್ರಿ, ಗ್ವಾಡಿಗೆ ಬಳಿಯಾಕ ಮಾಡ್ಯಾಳ" ಎಂದರು. ನೆಂಟರು ನಕ್ಕರು. ಮಗಳು ವಿಶಾಲಾಕ್ಷಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯ ಕುಲ್ಸುಂಬೀ ಬೇರೆ, "ಕಣ್ಣು ಮುಚ್ಚಿ ತಂದ್ರ ಹಿಂಗ ಆಕ್ಕತಿ ನೋಡಕ್ಕಾ, ಶಾವಿಗಿನೂ ಅಳಿಯನ್ನ ಆರಿಸಿದಂಗ ಆರಿಸಬೇಕು" ಎಂದು ಬುದ್ಧಿ ಹೇಳಿದಳು.

ನಿನಗೆ ಗೊತ್ತಲ್ಲ, ಬಾದನಹಟ್ಟಿಯ ತವರಿನಲ್ಲಿ ಅವ್ವ ಶಾವಿಗೆ ಮಣೆ ಹಾಕಿಕೊಂಡು ಕೂತರೆ ನಾನು ಓಡಿ ಹೋಗುತ್ತಿದ್ದೆ, ನೀನು ಕೂರುತ್ತಿದ್ದೆ. ಈಗ ಅನುಭವಿಸುತ್ತಿದ್ದೇನೆ. ಅಂಗಡಿಯಲ್ಲಿ ನಿಂತು ಒಳ್ಳೆಯ ಶಾವಿಗೆಯನ್ನು ಗುರುತಿಸುವುದು ಹೇಗೆಂದು ಬಿಡಿಸಿ ಬರೆ. ಹಂಪಮ್ಮನಿಗೆ ಕುರುಗೋಡಿನ ಕಡೆಯ ಸಂಬಂಧದ ಮಾತು ಎಲ್ಲಿಗೆ ಬಂತು? ಅದನ್ನೂ ಬರೆ.

ನಿನ್ನ ಅಕ್ಕ
ದಾಕ್ಷಾಯಣಿ


ಸಿರಿಗೇರಿ
೧೫-೨-೧೯೭೪

ಪ್ರೀತಿಯ ಅಕ್ಕನಿಗೆ ನಾಗಿಯ ಶರಣು.

ನಿನ್ನ ಕಾಗದ ಓದಿ ನಾನೂ ಹಂಪಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಿಟ್ಟಾಗಬೇಡ. ಭಾವನವರ ಬಾಯಿ ಇನ್ನೂ ಹಾಗೇ ಇದೆಯಲ್ಲ!

ಕೇಳು. ಮೊದಲು ಬಣ್ಣ ನೋಡು. ಹಾಲಿನ ಹಾಗೆ ಬಿಳುಪಾಗಿದ್ದರೆ ಅದು ಮೈದಾ, ಮುಟ್ಟಬೇಡ. ಅರಿಸಿನದ ಹಾಗೆ ಹಳದಿಯಾಗಿದ್ದರೆ ಬಣ್ಣ ಕಲಸಿದ್ದಾರೆ. ನೀನು ತಂದ ಬಂಗಾರದ ಎಳೆ ಅದೇ. ಜವೆಗೋಧಿಯ ಶಾವಿಗೆಗೆ ಜೇನಿನ ಬಣ್ಣ ಇರುತ್ತದೆ. ಒಂದು ಎಳೆ ಮುರಿದು ನೋಡು, ಚಟ್ಟೆಂದು ಮುರಿಯಬೇಕು. ಬಾಗಿ ಬಾಗಿ ಮುರಿದರೆ ಸರಿಯಾಗಿ ಒಣಗಿಲ್ಲ, ಮನೆಗೆ ತಂದ ಮೇಲೆ ಮುಗ್ಗುಲು ಹಿಡಿಯುತ್ತದೆ. ಇನ್ನೊಂದು ಎಳೆ ಬಾಯಿಗೆ ಹಾಕಿಕೋ, ಅಂಗಡಿಯವನು ಗುರುಗುಟ್ಟಿದರೆ ಗುರುಗುಟ್ಟಲಿ. ಒಳ್ಳೆಯದು ಹಲ್ಲಿಗೆ ಸಿಕ್ಕಿ ಮೆಲ್ಲಗೆ ಸಿಹಿಯಾಗುತ್ತದೆ, ಕೆಟ್ಟದ್ದು ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಚೀಲದ ತಳದಲ್ಲಿ ಕೈಯಾಡಿಸಿದಾಗ ಪುಡಿ ಬಹಳ ಸಿಕ್ಕರೆ ಹಳೆಯ ಮಾಲು. ಇಷ್ಟಾದ ಮೇಲೂ ಅನುಮಾನವಿದ್ದರೆ ಒಂದು ಹಿಡಿ ತಂದು ಬೇಯಿಸು. ನೀರು ಗಂಜಿಯಾಗದೆ ತಿಳಿಯಾಗಿ ಉಳಿದರೆ ಆಮೇಲೆ ಹೆಚ್ಚಿಗೆ ತರಿಸು.

ಈ ಕಷ್ಟವೆಲ್ಲ ನಿನಗೆ ಯಾಕೆ, ನಿನ್ನ ತಂಗಿಯ ಮಗಳು ಇಲ್ಲವೇ? ಹಂಪಮ್ಮ ಈ ವರ್ಷ ಹೊಸೆದ ಎಳೆಯನ್ನು ಸೂಜಿಗೆ ಪೋಣಿಸಬಹುದು. ಇಲ್ಲಿ ಕಾಲುವೆ ನೀರು ಬಂದ ಮೇಲೆ ಎಲ್ಲರೂ ಭತ್ತಕ್ಕೆ ಬಿದ್ದಿದ್ದಾರೆ, ಜವೆಗೋಧಿ ಹುಡುಕಿಕೊಂಡು ಇವರು ಎರೆಹೊಲದ ಊರೂರು ತಿರುಗಿ ತಂದರು. ಮಗಳ ಮೇಲೆ ಅಷ್ಟು ಪ್ರೀತಿ.

ಕುರುಗೋಡಿನ ಗಂಗಕ್ಕನ ಮನೆಯ ಪದ್ಧತಿ ನೀನೂ ಕೇಳಿರಬೇಕು. "ಹುಡುಗಿ ಮಾರಿ ಆಮ್ಯಾಲ ನೋಡೂಣು, ಮೊದಲು ಆಕಿ ಕೈಯ ಶಾವಿಗಿ ಕಳಿಸ್ರಿ" ಅನ್ನುತ್ತಾರಂತೆ. ತಾವೇ ಬೇಯಿಸಿ, ತಾವೇ ಬಸಿದು, ಉಂಡು ನೋಡಿ, ಮನಸ್ಸಿಗೆ ಬಂದರೆ ಮಾತ್ರ ಹುಡುಗಿಯನ್ನು ನೋಡಲು ಬರುವುದು. ಹಿರಿಯ ಸೊಸೆಯನ್ನು ಹಾಗೆಯೇ ಆರಿಸಿದ್ದಂತೆ. ಹುಡುಗ ಚಿದಾನಂದ, ಗಂಗಕ್ಕನ ಮಗ, ಅಲ್ಲೇ ಸಾಲಿ ಮಾಸ್ತರ. ಹಂಪಮ್ಮ ಅವನನ್ನು ಸಿರುಗುಪ್ಪದ ಒಂದು ಮದುವೆಯಲ್ಲಿ ನೋಡಿದ್ದಾಳೆ. ಬಾಯಿ ಬಿಟ್ಟು ಏನೂ ಹೇಳಿಲ್ಲ. ಆದರೆ ಕುರುಗೋಡಿಗೆಂದು ಬೇರೆ ಡಬ್ಬಿ ಇಟ್ಟುಕೊಂಡು, ಅದಕ್ಕೆ ಮಾತ್ರ ಆರಿಸಿ ಆರಿಸಿ ತುಂಬುತ್ತಿದ್ದಾಳೆ.

ನನಗೆ ಒಂದೇ ಅಂಜಿಕೆ. ನಮ್ಮ ಹುಡುಗಿ ಎಡಗೈಯವಳು. ಮಣೆಯ ಮೇಲೆ ಹಿಟ್ಟು ಹೊಸೆಯುವುದು ಎಡಗೈಲಿ, ಎಳೆಯನ್ನು ಸಿಂಬಿ ಸುತ್ತುವುದೂ ಎಡಕ್ಕೆ. ಎಷ್ಟು ಬಡಿದರೂ ಆ ಕೈ ತಿರುಗಲಿಲ್ಲ. ಇವರು, "ಲಿಂಗ ಹಿಡಿಯಾದು ಎಡಗೈಯಾಗ, ಅದು ಮೈಲಿಗಿ ಹೆಂಗಾದೀತು? ಸುಮ್ನಿರ" ಎಂದು ನನ್ನನ್ನೇ ಗದರಿಸುತ್ತಾರೆ. ಗಂಗಕ್ಕ ಮಡಿ, ಶಾಸ್ತ್ರ ಬಹಳ ನೋಡುವವರು. ಅವರು ಶಾವಿಗೆ ಉಂಡು ಒಪ್ಪಿದ ಮೇಲೆ ನಾನೇ ಎದುರಿಗೆ ಕೂತು ಹೇಳಬೇಕೆಂದಿದ್ದೇನೆ. ಅಲ್ಲಿಯವರೆಗೆ ಇದು ನಿನ್ನ ಹೊಟ್ಟೆಯಲ್ಲಿರಲಿ.

ನಿನ್ನ ನಾಗಿ


ಬಳ್ಳಾರಿ
೨೭-೨-೧೯೭೪

ಚಿ. ಸೌ. ನಾಗಿಗೆ ಆಶೀರ್ವಾದ.

ನೀನು ಹೇಳಿದಂತೆ ಅಂಗಡಿಯಲ್ಲಿ ನಿಂತು ಶಾವಿಗೆ ಅಗಿದೆ. ಶೆಟ್ಟರು, "ಏನವ್ವಾ, ಇಲ್ಲೇ ಉಂಡು ಹೋಗ್ತೀಯೇನು?" ಎಂದರು. ಒಂದೂ ಪಾಸಾಗಲಿಲ್ಲ.

ಈಗ ಒಂದು ಒಳ್ಳೆಯ ಸುದ್ದಿ. ಗಂಗಕ್ಕ ಹಲ್ಲು ಕೀಳಿಸಿಕೊಳ್ಳಲು ಬಳ್ಳಾರಿಗೆ ಬರುತ್ತಿದ್ದಾರೆ. ಹಳೆಯ ಬೀಗತನದ ಎಳೆ ಹಿಡಿದು ಹೋದರೆ ನಿನ್ನ ಭಾವನಿಗೆ ಅವರು ಏನೋ ಆಗಬೇಕಂತೆ, ಹಾಗಾಗಿ ಇಳಿದುಕೊಳ್ಳುವುದು ನಮ್ಮ ಮನೆಯಲ್ಲೇ. ಹಲ್ಲು ಕೀಳಿಸಿಕೊಂಡವರಿಗೆ ಶಾವಿಗೆಗಿಂತ ಮೆತ್ತಗಿನ ಊಟ ಯಾವುದಿದೆ ಹೇಳು! ಹಂಪಮ್ಮ ಕುರುಗೋಡಿಗೆಂದು ಎತ್ತಿಟ್ಟ ಆ ಡಬ್ಬಿಯನ್ನೇ ನನಗೆ ಕಳಿಸು. ನಾನೇ ಬೇಯಿಸಿ ಬಡಿಸುತ್ತೇನೆ. ಉಂಡು ಚಪ್ಪರಿಸುವಾಗ ಯಾರ ಕೈಯದು ಅಂತ ಹೇಳಿದರೆ ಕೆಲಸ ಅಲ್ಲೇ ಆಯಿತು. ನೀವು ಕುರುಗೋಡಿಗೆ ಹೊತ್ತು ಹಾಕುವ ಕಷ್ಟವೂ ತಪ್ಪುತ್ತದೆ. ಸಿಂಬಿ ಮುರಿಯದಂತೆ ಕಟ್ಟಿ ಕಳಿಸು, ಅವರಿಗೆ ಹಸಿಯದನ್ನೂ ತೋರಿಸಬೇಕು.

ನಾನೇನೂ ದೂರದವಳಲ್ಲವಲ್ಲ, ಅಕ್ಕ ಇದ್ದಾಳೆಂದು ನಿಶ್ಚಿಂತೆಯಿಂದಿರು.

ದಾಕ್ಷಾಯಣಿ


ಸಿರಿಗೇರಿ
೧೨-೩-೧೯೭೪

ಅಕ್ಕಾ, ಶರಣು.

ಡಬ್ಬಿಯನ್ನು ರಾಜೇಸಾಬ್ ಕೈಯಲ್ಲಿ ಕಳಿಸಿದ್ದೇನೆ. ಅವನ ಲಾರಿ ಹತ್ತಿ ಹೇರಿಕೊಂಡು ಬಳ್ಳಾರಿಗೆ ಬರುತ್ತದೆ. "ಹತ್ತಿ ಅರಳಿ ನಡುವ ಇಟ್ಕೊಂಡು ಹೋಗ್ತೀನವ್ವಾ, ಕೂಸಿನಂಗ ಮುಟ್ಟಿಸ್ತೀನಿ" ಎಂದಿದ್ದಾನೆ.

ಹಂಪಮ್ಮ ಕೊಡಲು ಸುಲಭಕ್ಕೆ ಒಪ್ಪಲಿಲ್ಲ. "ಇದು ಕುರುಗೋಡಿಗಿ ಇಟ್ಟದ್ದವ್ವಾ, ನಾವ ಒಯ್ದು ಕೊಡೂಣು" ಎಂದು ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ಕೂತಳು. "ದೊಡ್ಡವ್ವನ ಕೈಗೆ ಕೊಟ್ರೇನು, ನನ್ನ ಕೈಗೆ ಕೊಟ್ರೇನು, ಎಲ್ಲಾ ಒಂದ" ಎಂದು ನಾನೇ ಬಿಡಿಸಿ ಕಳಿಸಿದೆ. ಹುಡುಗು ಬುದ್ಧಿ.

ನೀರು ಕುದಿಯುವವರೆಗೆ ಶಾವಿಗೆ ಹಾಕಬೇಡ. ಹಾಕಿದ ಮೇಲೆ ಬಿಟ್ಟು ಹೋಗಬೇಡ. ಒಂದು ಎಳೆ ಬೆರಳಲ್ಲಿ ಹಿಸುಕಿ, ನಡುವೆ ಗಂಟು ಸಿಗದಿದ್ದರೆ ಕೂಡಲೇ ಬಸಿ. ಮೇಲೆ ತಣ್ಣೀರು ಚಿಮುಕಿಸು. ತುಪ್ಪ, ಸಕ್ಕರೆ ಸಾಕು, ಹಾಲನ್ನು ಬದಿಗಿಡು. ಗಂಗಕ್ಕ ಏನಂದರು ಅಂತ ಅವರು ಹೊರಟ ದಿನವೇ ಬರೆದು ಹಾಕು. ನಾನಿಲ್ಲಿ ಅಂಚೆಯವನ ದಾರಿ ನೋಡುತ್ತಿರುತ್ತೇನೆ.

ನಿನ್ನ ನಾಗಿ


ಸಿರಿಗೇರಿ
೧೦-೪-೧೯೭೪

ಅಕ್ಕನಿಗೆ ಶರಣು.

ಯುಗಾದಿ ಆಯಿತು, ನಿನ್ನಿಂದ ಕಾಗದ ಇಲ್ಲ. ಮೈಯಲ್ಲಿ ಸರಿಯಿಲ್ಲವೋ ಏನೋ ಎಂದು ಯೋಚನೆ.

ಅಕ್ಕಾ, ನಮ್ಮ ಮನೆಯ ದೀಪ ಆರಿದ ಹಾಗಾಗಿದೆ. ನಿನ್ನೆ ಕುರುಗೋಡಿನಿಂದ ಗಂಗಕ್ಕನ ಮೈದುನ ಎರ್ರಣ್ಣ ಬಂದಿದ್ದರು. ನೀರು ಕುಡಿದು, ಇವರ ಹತ್ತಿರ ಮಳೆ ಬೆಳೆ ಎಲ್ಲ ಮಾತಾಡಿ, ಎದ್ದು ನಿಂತ ಮೇಲೆ, "ಹುಡುಗಿ ಎಡಚಿ ಅಂತ ಗೊತ್ತಾತು. ನಮ್ಮತ್ತಿಗಿ ಒಲ್ಲೆ ಅಂದಾಳ. ಬ್ಯಾಸರ ಮಾಡ್ಕಬ್ಯಾಡ್ರಿ" ಎಂದು ಹೇಳಿ ಹೋದರು. ನಾನೇ ಹೇಳಬೇಕೆಂದಿದ್ದ ಮಾತು. ಯಾರೋ ನನಗಿಂತ ಮುಂಚೆ ಹೋಗಿ, ನಾವು ಮುಚ್ಚಿಟ್ಟೆವು ಅನ್ನುವ ಹಾಗೆ ಹೇಳಿದ್ದಾರೆ.

ಯಾರೆಂದು ನನಗೆ ಗೊತ್ತು. ಎದುರು ಮನೆಯ ಪಕ್ಕೀರಮ್ಮ. ಅವಳ ತವರು ಕುರುಗೋಡು, ಯುಗಾದಿಗೆ ಹೋಗಿ ಬಂದಿದ್ದಾಳೆ. ಇವತ್ತು ನಲ್ಲಿಯ ಹತ್ತಿರ ನಾಲ್ಕು ಮಂದಿಯ ಮುಂದೆ ಅವಳ ಜನ್ಮ ಜಾಲಾಡಿದೆ. "ನಿನ್ನ ಮಗಳು ನನ್ನ ಮಗಳಿದ್ದಂಗ, ನಾ ಯಾಕ ಹೇಳ್ಲೇ ನಾಗವ್ವಾ" ಎಂದು ಅತ್ತಳು. ಕಳ್ಳಿಯ ಕಣ್ಣೀರು.

ಗಂಗಕ್ಕ ನಿಮ್ಮಲ್ಲಿ ಶಾವಿಗೆ ಉಂಡಾಗ ಏನಂದಿದ್ದರು? ಹಂಪಮ್ಮ ಅದೊಂದನ್ನೇ ಕೇಳುತ್ತಾಳೆ. "ಉಂಡಾರೋ ಇಲ್ಲೋ ಬರದು ಕೇಳವ್ವಾ" ಅಂತ.

ನಾಗಿ


ಬಳ್ಳಾರಿ
೨೪-೪-೧೯೭೪

ಚಿ. ಸೌ. ನಾಗಿಗೆ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿದೆ. ಏನು ಮಾಡುವುದು, ಋಣಾನುಬಂಧ ಇರಲಿಲ್ಲ. ಗಂಗಕ್ಕ ಉಂಡರು, ಚೆನ್ನಾಗಿದೆ ಎಂದರು. ಆದರೆ ಇಲ್ಲಿಗೆ ಬರುವ ಮೊದಲೇ ಅವರ ಕಿವಿ ತುಂಬಿತ್ತು ಅಂತ ಕಾಣುತ್ತದೆ. ನೀನು ಹೇಳಿದ ಆ ಪಕ್ಕೀರಮ್ಮನೇ ಇರಬೇಕು. ಎದುರು ಮನೆಯವರನ್ನು ಒಳಮನೆಗೆ ಬಿಟ್ಟುಕೊಂಡರೆ ಹೀಗೇ ಆಗುವುದು, ನಿನಗೆ ಮೊದಲಿನಿಂದಲೂ ಮಂದಿಯನ್ನು ನಂಬುವ ಚಟ.

ನಾನು ಬಹಳ ಹೇಳಿ ನೋಡಿದೆ. ಆ ಮನೆ ಬಿಡು. ಹಂಪಮ್ಮನಿಗೇನು ವಯಸ್ಸು ಮೀರಿದೆಯೇ? ವಿಶಾಲಾಕ್ಷಿಯನ್ನು ನೋಡು, ಪಿ.ಯು.ಸಿ. ಓದಿಸಿದ್ದೇ ತಪ್ಪಾಯಿತು. ಇಪ್ಪತ್ತನಾಲ್ಕು ನಡೆಯುತ್ತಿದೆ. ಈಗ ದೇವರು ಕಣ್ಣು ಬಿಟ್ಟ ಹಾಗಿದೆ, ಒಂದು ಕಡೆ ಮಾತು ಗಟ್ಟಿಯಾಗುತ್ತಿದೆ. ಪೂರ್ತಿ ಆದ ಮೇಲೆ ಬರೆಯುತ್ತೇನೆ.

ದಾಕ್ಷಾಯಣಿ


ಸಿರಿಗೇರಿ
೨-೫-೧೯೭೪

ಪ್ರೀತಿಯ ಅಕ್ಕನಿಗೆ ಶರಣು.

ವಿಶಾಲಾಕ್ಷಿಯ ಸುದ್ದಿ ಕೇಳಿ, ನಮ್ಮ ಮನೆಯ ದುಃಖ ಅರ್ಧ ಮರೆತೆ. ಅವಳೂ ನನ್ನ ಮಗಳೇ ಅಲ್ಲವೇ? ಯಾವ ಊರು, ಯಾರ ಮನೆ, ಹುಡುಗ ಏನು ಮಾಡುತ್ತಾನೆ? ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಲ್ಲ. ಮದುವೆಯ ಹಪ್ಪಳ, ಸಂಡಿಗೆ, ಶಾವಿಗೆ ಎಲ್ಲ ನಮ್ಮದು, ನೀನು ಕೈ ಹಚ್ಚಬೇಡ. ಹಚ್ಚಿದರೂ ಅಂಟಾಗುತ್ತದೆ.

ಹಂಪಮ್ಮ ಈಗ ಸ್ವಲ್ಪ ಮಾತು ಕಡಿಮೆ. ಅಕ್ಕನ ಮದುವೆ ಎಂದ ಮೇಲೆ ಮುಖ ಕೊಂಚ ಗೆಲುವಾಗಿದೆ.

ನಾಗಿ


ಬಳ್ಳಾರಿ
೨೭-೫-೧೯೭೪

ಚಿ. ಸೌ. ನಾಗಿಗೆ.

ರೈಲು ಮುಷ್ಕರದ ಗದ್ದಲದಲ್ಲಿ ಟಪಾಲು ತಡವಾಗಿದೆ, ತಪ್ಪು ತಿಳಿಯಬೇಡ.

ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ವಿಶಾಲಾಕ್ಷಿಯನ್ನು ಕೇಳಿದವರು ಕುರುಗೋಡಿನ ಗಂಗಕ್ಕ. ನಾನಾಗಿ ಹೋಗಲಿಲ್ಲ. ಅವರೇ ಬಾಯಿಬಿಟ್ಟು ಕೇಳಿದರು. ನಿಮ್ಮ ಕಡೆ ಬೇಡವೆಂದು ತೀರ್ಮಾನವಾದ ಮೇಲೆಯೇ ಇದು ಶುರುವಾದದ್ದು. ಹೊರಗಿನವರ ಪಾಲಾಗುವ ಮನೆ ನಮ್ಮಲ್ಲೇ ಉಳಿಯಿತೆಂದು ನೀನೂ ತಿಳಿದುಕೊಳ್ಳಬೇಕು. ಬರುವ ಸೋಮವಾರದ ಆಚೆಯ ಸೋಮವಾರ, ಜೂನ್ ಹತ್ತಕ್ಕೆ ಕುರುಗೋಡಿನಲ್ಲಿ ನಿಶ್ಚಯ. ನೀನು ಬರದಿದ್ದರೆ ನಾಲ್ಕು ಮಂದಿ ನಾಲ್ಕು ಮಾತಾಡುತ್ತಾರೆ. ಹಂಪಮ್ಮನನ್ನೂ ಕರೆದುಕೊಂಡು ಬಾ. ಅವಳಿಗೊಂದು ಸೀರೆ ತೆಗೆದಿಟ್ಟಿದ್ದೇನೆ.

ನಿನ್ನ ಅಕ್ಕ


ಸಿರಿಗೇರಿ
೧೩-೬-೧೯೭೪

ದಾಕ್ಷಾಯಣಮ್ಮನವರಿಗೆ.

ನಿಮ್ಮ ರೈಲು ಮುಷ್ಕರದ ಸುಳ್ಳನ್ನು ಅವತ್ತೇ ಹಿಡಿಯಬೇಕಿತ್ತು. ನಮ್ಮ ಸಿರುಗುಪ್ಪದ ಕಡೆಗೆ ಟಪಾಲು ಬರುವುದು ಬಸ್ಸಿನಲ್ಲಿ, ಇಲ್ಲಿ ರೈಲು ಎಲ್ಲಿದೆ?

ಆದರೂ ಬಂದೆ. ಕುರುಗೋಡು ಎಂದು ಓದಿದ ಮೇಲೂ, ಅಕ್ಕ ಹೇಳಿದ್ದು ನಿಜವಿರಬೇಕು, ಅವರೇ ಕೇಳಿರಬೇಕು ಎಂದು ಇವರಿಗೂ ಸಮಾಧಾನ ಹೇಳಿದೆ. ಹಂಪಮ್ಮ ಬರುವುದಿಲ್ಲ ಎಂದರೂ ಎಳೆದುಕೊಂಡು ಬಂದೆ. ನೀವು ಕೊಟ್ಟ ಸೀರೆಯನ್ನೇ ಉಡಿಸಿ, ವಿಶಾಲಾಕ್ಷಿಯ ಪಕ್ಕ ಕೂಡಿಸಿದೆ. ಉಡಿ ತುಂಬುವಾಗ ಹಾಡು ಹೇಳಿದ್ದು ಯಾರು? ನಾನೇ ಅಲ್ಲವೇ.

ನೀವೆಲ್ಲ ಜೀಪು ಹತ್ತಿ ಬಳ್ಳಾರಿಗೆ ಹೊರಟಿರಿ. ನಮ್ಮ ಬಸ್ಸು ತಡವಿತ್ತು. ಇವರು ಬಸ್ಸಿನ ಹತ್ತಿರ ಹೋದರು. ಗಂಗಕ್ಕ ನನ್ನನ್ನೂ ಹಂಪಮ್ಮನನ್ನೂ ಅಡುಗೆಮನೆಗೆ ಕರೆದರು. ಗೂಡಿನಿಂದ ಒಂದು ತಟ್ಟೆ ತೆಗೆದರು. ಅದರಲ್ಲಿ ಹಸಿ ಶಾವಿಗೆಯ ಸಿಂಬಿಗಳು.

"ನೋಡು ತಂಗೀ, ನಿಮ್ಮ ಅಕ್ಕನ ಮಗಳ ಕೈಕೆಲಸ. ಹಲ್ಲು ಕೀಳಿಸ್ಕಂಡು ಮಕ್ಕಂಡಿದ್ದೆ. ಬಟ್ಟಲದಾಗ ಬಸದ ಶಾವಿಗಿ ತಂದು ಕೊಟ್ಲು ನಿಮ್ಮ ಅಕ್ಕ. ಎಳಿ ಎಳಿ ಬ್ಯಾರೆ, ನೀರು ತಿಳಿ. ಯಾರು ಮಾಡಿದ್ದು ಅಂದೆ. ನಮ್ಮ ವಿಶಾಲಾಕ್ಷಿ ಅಂದ್ಲು. ಪ್ಯಾಟಿ ಹುಡುಗಿ, ಕಾಲೇಜು ಓದಿದಾಕಿ, ಇಂಥ ಕೈ ಐತಲ್ಲ ಅಂತ ಆವಾಗ ಮನಸು ಮಾಡಿದೆ. ಒಂದೀಟು ಹಸೇದು ಕೇಳಿ ತಂದು ಇಟ್ಟೀನಿ."

ಆ ಸಿಂಬಿಗಳನ್ನು ಕತ್ತಲೆಯಲ್ಲಿ ಕೊಟ್ಟರೂ ಬೆರಳಿನಿಂದ ಗುರುತಿಸುತ್ತೇನೆ. ಎಡಕ್ಕೆ ಸುತ್ತಿದ ಸಿಂಬಿ. ಪಕ್ಕದಲ್ಲಿ ಹಂಪಮ್ಮ ನಿಂತಿದ್ದಳು. ಅವಳ ಉಸಿರು ನನಗೆ ಕೇಳುತ್ತಿತ್ತು.

ಗಂಗಕ್ಕ ಅಲ್ಲಿಗೇ ಬಿಡಲಿಲ್ಲ. "ನಿಮ್ಮ ಹುಡುಗಿ ವಿಷಯಾನೂ ನಿಮ್ಮ ಅಕ್ಕನ ಹೇಳಿದ್ಲು. ನಮ್ಮ ತಂಗಿ ಮುಚ್ಚಿಟ್ಟಾಳ, ಹುಡುಗಿ ಎಡಚಿ, ನಾಳೆ ನನ್ನ ಮ್ಯಾಲ ಮಾತು ಬರಬಾರದು ಅಂತ. ಆವಾಗ ನಂಬಿದೆ. ಆದ್ರ ತಂಗೀ, ಇವತ್ತು ನಿಮ್ಮ ವಿಶಾಲಾಕ್ಷಿ ಎಲಿ ಅಡಿಕಿ ಹಂಚಾದು ನೋಡಿದೆ. ಬಲಗೈಯಾಕಿ. ನಾನೂ ಹುಟ್ಟಿದಾಗಿಂದ ಶಾವಿಗಿ ಸುತ್ತಿದಾಕಿ. ಬಲಗೈಯಾಕಿ ಸಿಂಬಿ ಎಡಕ್ಕ ಯಾಕ ಸುತ್ತತೈತಿ? ನೀನ ಹೇಳು, ಇದು ಯಾರ ಕೈ?"

ಹೀಗೆ ಕೇಳಿದರು. ಹಂಪಮ್ಮನ ಮುಂದೆಯೇ ಕೇಳಿದರು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು ಅನ್ನುತ್ತಾರೆ. ಗಾದೆ ಎಂದುಕೊಂಡಿದ್ದೆ, ನನ್ನ ಮನೆಯ ಮಾತು ಎಂದು ಗೊತ್ತಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನ ಮಗಳ ಕೈಯನ್ನು ನಿಂದಿಸಿ, ಅದೇ ಕೈಯ ಕೆಲಸವನ್ನು ನಿನ್ನ ಮಗಳದೆಂದು ಬಡಿಸಿದೆಯಲ್ಲ. ಪಕ್ಕೀರಮ್ಮನ ಹೆಸರು ನಾನು ತಪ್ಪಾಗಿ ಹೇಳಿದರೆ, ಹೌದು ಅವಳೇ ಎಂದು ನೀನೂ ಬರೆದೆಯಲ್ಲ! ಊರಿಗೆ ಬಂದವಳೇ ಅವಳ ಮನೆಗೆ ಹೋಗಿ ಕಾಲು ಹಿಡಿದೆ. "ನಾಲ್ಕು ಮಂದ್ಯಾಗ ಬೈದಿ, ಮೂಲ್ಯಾಗ ಬಂದು ಕಾಲು ಹಿಡಿತಿ" ಎಂದಳು. ಅದೂ ನಿಜವೇ.

ಗಂಗಕ್ಕನಿಗೆ ನಾನು ಏನು ಉತ್ತರ ಕೊಟ್ಟೆ ಎಂದು ಈಗ ಬರೆಯುವುದಿಲ್ಲ. ಅಂಚೆಯವನ ದಾರಿ ನೋಡುವುದು ಹೇಗಿರುತ್ತದೆ ಎಂದು ನೀನೂ ಸ್ವಲ್ಪ ನೋಡು.

ಅಕ್ಕನಾಗಮ್ಮ


ಬಳ್ಳಾರಿ
೧೯-೬-೧೯೭೪

ನಾಗೀ, ನನ್ನ ತಾಯೀ,

ನಿನ್ನ ಕಾಗದ ಕೈಯಲ್ಲಿ ಹಿಡಿದೇ ಬರೆಯುತ್ತಿದ್ದೇನೆ. ಏನು ಹೇಳಿದೆ ಅವರಿಗೆ? ಕುರುಗೋಡಿನಿಂದ ಒಂದು ಮಾತೂ ಬಂದಿಲ್ಲ. ನಿನ್ನ ಭಾವನಿಗೆ ಇದು ಯಾವುದೂ ತಿಳಿಯದು. ಮದುವೆಯ ಕಾರ್ಡು ಅಚ್ಚಿಗೆ ಕೊಟ್ಟಾಗಿದೆ.

ನೀನು ನಿನ್ನ ಕಡೆಯಿಂದ ಮಾತ್ರ ನೋಡುತ್ತೀಯ. ಫೆಬ್ರವರಿಯಲ್ಲಿ ಬಂದಿದ್ದ ನೆಂಟರು ನೆಂಟರಲ್ಲ, ವಿಶಾಲಾಕ್ಷಿಯನ್ನು ನೋಡಲು ಬಂದವರು. ಆ ಅಂಟಿನ ಬಟ್ಟಲು ಮುಂದಿಟ್ಟುಕೊಂಡು ನಕ್ಕು ಎದ್ದು ಹೋದರು. ಅದಕ್ಕೂ ಮುಂಚೆ ಬಂದವರು, ಓದಿದ ಹುಡುಗಿಗೆ ಒಲೆ ಗೊತ್ತಿರುವುದಿಲ್ಲ ಎಂದು ಹೋದರು. ಅವಳು ಆ ದಿನ ಹಾಕಿಕೊಂಡ ಬಾಗಿಲನ್ನು ತೆಗೆಸಲು ನಾನು ಹೊರಗೆ ನಿಂತು ಎಷ್ಟು ಬೇಡಿಕೊಂಡೆ ಎಂದು ನಿನಗೆ ಗೊತ್ತೇ? ಗಂಗಕ್ಕ ಬಟ್ಟಲು ಹಿಡಿದು, "ಯಾರು ಮಾಡಿದ್ದು?" ಎಂದಾಗ ವಿಶಾಲಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ಬಾಯಿಗೆ ಅವಳ ಹೆಸರು ಬಂತು. ಒಂದು ಸಲ ಬಂದ ಮೇಲೆ ವಾಪಸು ಹೇಗೆ ನುಂಗುವುದು? ಎಡಗೈಯ ವಿಷಯ ಇವತ್ತಲ್ಲ ನಾಳೆ ಅವರಿಗೆ ಗೊತ್ತಾಗುತ್ತಲೇ ಇತ್ತು. ನಾನು ಹೇಳದಿದ್ದರೆ ಮದುವೆಯ ಮೇಲೆ ಹಂಪಮ್ಮನೇ ಕಷ್ಟಪಡುತ್ತಿದ್ದಳು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅವಳು ಚಿಕ್ಕವಳು, ಇನ್ನೂ ಹತ್ತು ಗಂಡು ಸಿಗುತ್ತವೆ. ನನ್ನ ಮಗಳಿಗೆ ಇದೊಂದೇ.

ನೀನು ಬಾಯಿ ಬಿಟ್ಟಿದ್ದರೆ ನನಗೆ ತುಂಗಭದ್ರೆಯೇ ಗತಿ. ಬಿಟ್ಟಿಲ್ಲ ಎಂದು ಒಂದು ಸಾಲು ಬರೆ.

ಇನ್ನೊಂದು ಮಾತು, ಬೈಯಬೇಡ. ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲಿ ಸೊಸೆ ಮಣೆಯ ಮೇಲೆ ಕೂರಲೇಬೇಕು. ಹಂಪಮ್ಮನನ್ನು ಕೆಲವು ದಿನ ಇಲ್ಲಿಗೆ ಕಳಿಸಿದರೆ ವಿಶಾಲಾಕ್ಷಿ ಕಲಿತುಕೊಳ್ಳುತ್ತಾಳೆ. ಅಕ್ಕ ತಂಗಿಯರು ಕೂಡಿ ಇದ್ದ ಹಾಗೂ ಆಗುತ್ತದೆ.

ನಿನ್ನ ಅಕ್ಕ
ದಾಕ್ಷಿ


ಸಿರಿಗೇರಿ
೧-೭-೧೯೭೪

ದಾಕ್ಷಾಯಣಮ್ಮನವರಿಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿಮ್ಮ ಕಾಗದ. ಏನು ಹೇಳಿದೆ, ಏನು ಹೇಳಿದೆ ಎಂದು ಎರಡೆರಡು ಕಡೆ ಕೇಳಿದ್ದೀರಿ. ಹಂಪಮ್ಮ ಹೇಗಿದ್ದಾಳೆ ಎಂದು ಒಂದು ಕಡೆಯೂ ಇಲ್ಲ.

ಅವಳನ್ನು ಕಲಿಸಲು ಕಳಿಸಿ ಎಂದದ್ದನ್ನು ನಾನು ಮುಚ್ಚಿಡಲಿಲ್ಲ, ಓದಿ ಹೇಳಿದೆ. ಬಹಳ ದಿನದ ಮೇಲೆ ನಕ್ಕಳು. "ಕಲಿ ಅಂದ್ರ ಕಲಿಸ್ತೀನವ್ವಾ. ಆದ್ರ ನನಗ ಬರಾದು ಎಡಗೈಲೆ. ಆ ಸುತ್ತು ಬೇಕಂದ್ರ ಆಕಿನೂ ಎಡಗೈಲೆ ಕಲೀಬೇಕಾಕ್ಕತಿ. ಗಂಗಕ್ಕಗ ನಡಿತೈತೇನು ಅಂತ ದೊಡ್ಡವ್ವನ್ನ ಕೇಳು" ಎಂದಳು. ಕೇಳಿದ್ದೇನೆ. ಅವಳು ಬರುವುದಿಲ್ಲ.

ಇನ್ನು ನಿಮಗೆ ಬೇಕಾದ ಉತ್ತರ. ತುಂಗಭದ್ರೆಗೆ ಹೋಗಬೇಡಿ. ಕಾರ್ಡು ಹಂಚಿರಿ.

ಗಂಗಕ್ಕ ಹಾಗೆ ಕೇಳಿದಾಗ ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಇದು ನನ್ನ ಮಗಳ ಕೈ ಎಂದರೆ ಸಾಕಿತ್ತು. ಅವರ ಕಣ್ಣು ನನ್ನ ಮೇಲಲ್ಲ, ಹಂಪಮ್ಮನ ಕೈ ಮೇಲಿತ್ತು. ಅವರಿಗೆ ಅರ್ಧ ಗೊತ್ತಿತ್ತು, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದರು. ಹೇಳಿದ್ದರೆ ಸಿಟ್ಟಾಗುತ್ತಿದ್ದರು, ನಿಮ್ಮ ನಿಶ್ಚಯ ಮುರಿಯುತ್ತಿದ್ದರು. ಆಮೇಲೆ ಆ ಕೈಯನ್ನೇ ಮನೆಗೆ ಕರೆದುಕೊಳ್ಳುತ್ತಿದ್ದರೋ ಏನೋ, ಶಾವಿಗೆಯ ಮೇಲೆ ಅವರಿಗಿದ್ದ ಆಸೆ ನೋಡಿದರೆ ಹಾಗೇ ಅನ್ನಿಸಿತು. ಹಂಪಮ್ಮನಿಗೂ ಹಾಗೇ ಅನ್ನಿಸಿರಬೇಕು. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು.

ನನಗೆ ಆಗ ಕಂಡದ್ದು ವಿಶಾಲಾಕ್ಷಿ. ಉಡಿ ತುಂಬಿಸಿಕೊಂಡು ಹೋದ ಹುಡುಗಿ, ಜೀಪಿನಿಂದ ನನಗೆ ಕೈ ಬೀಸಿದ್ದಳು. ನಿಶ್ಚಯವಾಗಿ ಮುರಿದ ಹುಡುಗಿಯನ್ನು ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಯಾರು ಕೇಳುತ್ತಾರೆ? ಬಾದನಹಟ್ಟಿಯ ನಮ್ಮ ಅಪ್ಪನ ಹೆಸರು ಅಡುಗೆಮನೆಯಿಂದ ಅಡುಗೆಮನೆಗೆ ಹೋಗುತ್ತದೆ. ಅಕ್ಕ ಮೋಸ ಮಾಡಿದಳೆಂದು ನಾನೂ ಮಾಡಬೇಕೇ, ಹುಡುಗಿ ಏನು ಮಾಡಿದ್ದಾಳೆ ಎನ್ನಿಸಿತು. ಹೌದು, ಅಷ್ಟೆಲ್ಲ ಯೋಚಿಸುವಷ್ಟು ಹೊತ್ತು ಗಂಗಕ್ಕ ಕಾದರು.

"ವಿಶಾಲಾಕ್ಷಿ ಕೈಯದ ಐತ್ರಿ. ನಮ್ಮ ಅವ್ವ ಎಡಕ್ಕ ಸುತ್ತತಿದ್ಲು, ಆಕಿನೂ ಹಂಗ ಕಲ್ತಾಳ" ಎಂದೆ.

ಸತ್ತ ಅವ್ವನ ಮೇಲೆ ಸುಳ್ಳು ಹೇಳಿದೆ. ಗಂಗಕ್ಕ ತಟ್ಟೆಯನ್ನು ಗೂಡಿಗೆ ಇಟ್ಟರು. "ಹಂಗಾದ್ರ ಸರಿ ಬಿಡು" ಎಂದು ಹಂಪಮ್ಮನಿಗೂ ಕುಂಕುಮ ಕೊಟ್ಟರು. ಅವಳು ಬಲಗೈಲಿ ಹಚ್ಚಿಕೊಂಡಳು, ಹುಷಾರಾಗಿ.

ಊರಿಗೆ ಬಂದ ಮೇಲೆ ಹಂಪಮ್ಮ ಶಾವಿಗೆ ಮಣೆಯನ್ನು ಒಯ್ದು ಪಕ್ಕೀರಮ್ಮನ ಮನೆಗೆ ಕೊಟ್ಟು ಬಂದಿದ್ದಾಳೆ. ಇವರು ಕಾರಣ ಕೇಳಿದರೆ, "ಕೈ ನೋಯತಾವ" ಎನ್ನುತ್ತಾಳೆ. ನಾನು ದಿನಾ ಅವಳ ಮುಂದೆ ನಿಮ್ಮನ್ನು ಬೈಯುತ್ತಿದ್ದೆ. ದೊಡ್ಡವ್ವ ಹೀಗೆ ಮಾಡಬಾರದಿತ್ತು, ಒಡಹುಟ್ಟಿದವಳು ಕತ್ತು ಕೊಯ್ದಳು ಎಂದು ಅಳುತ್ತಿದ್ದೆ. ಅವಳೂ ಜೊತೆಗೆ ಅತ್ತಾಳು ಎಂದು ಕಾಯುತ್ತಿದ್ದೆ. ನಿನ್ನೆ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು:

"ಸಾಕು ಬಿಡವ್ವಾ. ದೊಡ್ಡವ್ವ ನಾ ಇಲ್ಲದಾಗ ಕದ್ಲು. ನೀ ನನ್ನ ಮುಂದ ನಿಂತು ಕೊಟ್ಟಿ."

ನಿಮ್ಮನ್ನು ಬೈಯಲು ಇಷ್ಟು ದಿನ ನನಗೊಂದು ಬಾಯಿತ್ತು. ಈಗ ಅದೂ ಇಲ್ಲ. ಮದುವೆಗೆ ನಮ್ಮ ದಾರಿ ನೋಡಬೇಡಿ.

ಅಕ್ಕನಾಗಮ್ಮ